ಎದೆಯ ಆಪರೇಷನ್ ಆಗಿ ಆರು ವರ್ಷ: ಮತ್ತೆ ಸರಿಪಡಿಸಿಕೊಳ್ಳಬೇಕಾ, ಸುಮ್ನೆ ಇರಬೇಕಾ?

ಬೆಳಗಿನಮಂಜು

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಎಂದು ಎರಡು ವಾರದಿಂದ ಯೋಚಿಸುತ್ತಿದ್ದೆ. ಮನೆಯಲ್ಲಿ ಬಾಯಿ ಬಿಟ್ಟು ಹೇಳಲು ಆಗುತ್ತಿಲ್ಲ. "ನೀನಾಗಿ ಮಾಡಿಸಿಕೊಂಡಿದ್ದು ತಾನೇ" ಎಂಬ ಮಾತು ಬಂದುಬಿಟ್ಟರೆ ಎಂಬ ಭಯ.

ಮಗಳು ಹಾಲು ಬಿಟ್ಟ ಎರಡು ವರ್ಷದ ಮೇಲೆ ಎರಡೂ ಕಡೆ ಸಿಲಿಕೋನ್ ಇಂಪ್ಲಾಂಟ್, ಅಂದರೆ ಎದೆ ತುಂಬಿದ ಹಾಗೆ ಕಾಣಲು ಒಳಗಿಡುವ ಮೆತ್ತನೆಯ ಚೀಲ, ಹಾಕಿಸಿಕೊಂಡೆ. ಈಗ ಅದಕ್ಕೆ ಆರು ವರ್ಷ. ಮೊದಲ ನಾಲ್ಕು ವರ್ಷ ಏನೂ ತೊಂದರೆ ಇರಲಿಲ್ಲ. ಖುಷಿಯಾಗಿಯೇ ಇದ್ದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಬಲಗಡೆ ನಿಧಾನಕ್ಕೆ ಗಟ್ಟಿಯಾಗುತ್ತಾ ಬಂತು. ಮೊದಲು ಗೊತ್ತಾಗಿದ್ದು ಬ್ರಾ ಹಾಕಿಕೊಳ್ಳುವಾಗ. ಎಡಗಡೆ ಕಪ್ ತುಂಬಿರುತ್ತಿತ್ತು. ಬಲಗಡೆ ಕಪ್ಪಿನ ತಳದಲ್ಲಿ ಒಂದು ಬೆರಳು ತೂರುವಷ್ಟು ಜಾಗ ಖಾಲಿ. ಎದೆ ಮೇಲಕ್ಕೆ ಸರಿದಿತ್ತು. ಈಗಂತೂ ಬೋರಲು ಮಲಗಿದರೆ ಬಿಗಿಯಾಗಿ ಗಾಳಿ ತುಂಬಿದ ಚೆಂಡಿನ ಮೇಲೆ ಮಲಗಿದ ಹಾಗಾಗುತ್ತದೆ. ಮಗಳು ಓಡಿ ಬಂದು ತಬ್ಬಿಕೊಳ್ಳುವಾಗ ನನಗೇ ಗೊತ್ತಿಲ್ಲದ ಹಾಗೆ ಎಡಕ್ಕೆ ತಿರುಗಿ ನಿಲ್ಲುತ್ತೇನೆ. ಮೊನ್ನೆ ಅವಳೇ ಕೇಳಿದಳು, "ಅಮ್ಮ, ಯಾಕೆ ಯಾವಾಗಲೂ ಪಕ್ಕಕ್ಕೆ ತಿರುಗ್ತೀಯಾ?" ಅಂತ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರವೇ ಹೋದೆ. ಮುಟ್ಟಿ ನೋಡಿ, "ಸ್ವಲ್ಪ ಗಟ್ಟಿಯಾಗಿದೆ ಅಷ್ಟೇ, ಮಸಾಜ್ ಮಾಡ್ತಾ ಇರಿ" ಎಂದು ಐದು ನಿಮಿಷದಲ್ಲಿ ಕಳಿಸಿದರು. ಇನ್ನೊಬ್ಬರ ಹತ್ತಿರ ಹೋದರೆ, "ಎರಡೂ ತೆಗೆದು ಒಂದು ಸೈಜ್ ದೊಡ್ಡದು ಹಾಕೋಣ, ಸರಿಹೋಗುತ್ತೆ" ಎಂದರು. ದೊಡ್ಡದು ಬೇಕು ಎಂದು ನಾನು ಕೇಳಿರಲೇ ಇಲ್ಲ.

ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗಬೇಕಾ? ಮಲಗಿದರೆ ಏನು ಮಾಡಿಸಿಕೊಳ್ಳಬೇಕು? ಎರಡನೇ ಸಲ ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತುದಿಬೆರಳು

ನಿಮ್ಮ ಮಾತು ಓದಿ ನನ್ನದೇ ಕಥೆ ಅನಿಸಿತು. ಮೊದಲು ಒಂದು ಕೇಳುತ್ತೇನೆ. ಗಟ್ಟಿಯಾಗಿದ್ದು ನಿಧಾನಕ್ಕಾ, ಇಲ್ಲ ಇದ್ದಕ್ಕಿದ್ದ ಹಾಗೆ ಒಂದು ಕಡೆ ಊದಿಕೊಂಡಿತಾ? ಜ್ವರ, ಕೆಂಪಾಗುವುದು, ಕಂಕುಳಲ್ಲಿ ಗಂಟು ಏನಾದರೂ ಇದೆಯಾ? ಇದ್ದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ. ಮೊದಲು ತೋರಿಸಿ.

ಬೆಳಗಿನಮಂಜು

ಇಲ್ಲ, ತೀರಾ ನಿಧಾನಕ್ಕೆ, ಎರಡು ವರ್ಷದಲ್ಲಿ. ಜ್ವರ ಇಲ್ಲ, ಗಂಟೂ ಸಿಗುವುದಿಲ್ಲ. ನೋವು ಮಾತ್ರ ಈಗ ಆರು ತಿಂಗಳಿಂದ. ಕೈ ಮೇಲೆತ್ತಿ ಏನಾದರೂ ತೆಗೆಯುವಾಗ ಜಾಸ್ತಿ.

ಓಟಿಸಿಸ್ಟರ್

ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷ ಪ್ಲಾಸ್ಟಿಕ್ ಸರ್ಜರಿ ಥಿಯೇಟರ್‌ನಲ್ಲಿ ಸಿಸ್ಟರ್ ಆಗಿ ನಿಂತವಳು. ಕಂಡಿದ್ದು, ಕಲಿತಿದ್ದು ಹೇಳುತ್ತೇನೆ.

ಮೈಯೊಳಗೆ ಹೊರಗಿನ ವಸ್ತು ಏನೇ ಇಟ್ಟರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಇಂಪ್ಲಾಂಟ್ ಹಾಕಿಸಿಕೊಂಡ ಎಲ್ಲರಿಗೂ ಈ ಪೊರೆ ಇರುತ್ತದೆ, ಅದು ರೋಗ ಅಲ್ಲ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಕುಗ್ಗಿ, ಇಂಪ್ಲಾಂಟನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಂಡುತ್ತದೆ. ಇದಕ್ಕೆ ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅನ್ನುತ್ತಾರೆ. ಇಂಪ್ಲಾಂಟ್ ಮೆತ್ತಗೇ ಇರುತ್ತದೆ, ಗಟ್ಟಿಯಾಗಿರುವುದು ಸುತ್ತಲಿನ ಚೀಲ. ತೆಗೆದ ಮೇಲೆ ಟ್ರೇಯಲ್ಲಿ ಇಟ್ಟಾಗ ಎಷ್ಟೋ ಸಲ ನೋಡಿದ್ದೇನೆ. ಇಂಪ್ಲಾಂಟ್ ಟ್ರೇಯಲ್ಲಿ ಹರಡಿಕೊಂಡು ಮಲಗುತ್ತದೆ. ಪಕ್ಕದಲ್ಲಿಟ್ಟ ಪೊರೆ ಮಾತ್ರ ಮೊಟ್ಟೆಯ ಚಿಪ್ಪಿನ ಹಾಗೆ ಆಕಾರ ಬಿಡದೆ ನಿಂತಿರುತ್ತದೆ.

ಡಾಕ್ಟರುಗಳು ಇದನ್ನು ಬೇಕರ್ ಗ್ರೇಡ್ ಎಂದು ನಾಲ್ಕು ಹಂತದಲ್ಲಿ ಬರೆಯುತ್ತಾರೆ. ಒಂದನೇ ಹಂತದಲ್ಲಿ ಮೆತ್ತಗೆ, ಸಹಜವಾಗಿ ಕಾಣುತ್ತದೆ. ಎರಡರಲ್ಲಿ ಮುಟ್ಟಿದರೆ ಸ್ವಲ್ಪ ಗಟ್ಟಿ, ನೋಡಲು ಮಾಮೂಲಿ. ಮೂರರಲ್ಲಿ ಗಟ್ಟಿ, ಆಕಾರವೂ ಕೆಟ್ಟಿರುತ್ತದೆ. ನಾಲ್ಕರಲ್ಲಿ ಕಲ್ಲಿನ ಹಾಗೆ, ಜೊತೆಗೆ ನೋವು. ನೀವು ಬರೆದಿದ್ದು ನೋಡಿದರೆ ಮೂರು ದಾಟಿದ ಹಾಗಿದೆ. ಆದರೆ ಅದನ್ನು ಮುಟ್ಟಿ ನೋಡಿಯೇ ಹೇಳಬೇಕು. ಮೂರು ನಾಲ್ಕಕ್ಕೆ ಬಂದಿದ್ದರೆ ಮಸಾಜಿನಿಂದ ಪೊರೆ ಕರಗುವುದಿಲ್ಲ. ಇನ್ನೊಂದು ಮಾತು, ಯಾರಾದರೂ "ಕೈಯಲ್ಲಿ ಜೋರಾಗಿ ಹಿಂಡಿ ಪೊರೆ ಒಡೆಯುತ್ತೇನೆ" ಅಂದರೆ ಒಪ್ಪಬೇಡಿ. ಹಿಂದೆ ಹಾಗೆ ಮಾಡುತ್ತಿದ್ದರು. ಇಂಪ್ಲಾಂಟೇ ಒಡೆಯುವ ಅಪಾಯ ಇದೆ, ಒಳಗೆ ರಕ್ತ ಸೋರಬಹುದು.

ಆರು ವರ್ಷ ಅಂದಿರಿ. ಸಿಲಿಕೋನ್ ಇಂಪ್ಲಾಂಟ್ ಒಡೆದರೆ ಹೊರಗಡೆ ಗೊತ್ತೇ ಆಗದೆ ಇರಬಹುದು. ಉಪ್ಪುನೀರು ತುಂಬಿದ್ದು ಒಡೆದರೆ ಎದೆ ಇಳಿದುಹೋಗಿ ತಾನೇ ಗೊತ್ತಾಗುತ್ತದೆ, ಸಿಲಿಕೋನ್ ಹಾಗಲ್ಲ. ಅದಕ್ಕೇ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) 2020ರಲ್ಲಿ ಕೊಟ್ಟ ಸಲಹೆ ಪ್ರಕಾರ, ತೊಂದರೆ ಇಲ್ಲದಿದ್ದರೂ ಸಿಲಿಕೋನ್ ಹಾಕಿಸಿಕೊಂಡ 5-6 ವರ್ಷಕ್ಕೆ ಒಂದು ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು. ನಿಮಗೆ ಆ ಸಮಯ ಹೇಗಿದ್ದರೂ ಬಂದಿದೆ. ಸ್ಕ್ಯಾನ್ ಇಲ್ಲದೆ ಎರಡನೇ ಆಪರೇಷನ್ ಬಗ್ಗೆ ಯಾವ ತೀರ್ಮಾನವೂ ಬೇಡ.

ಎಲ್ಲಕ್ಕಿಂತ ಮೊದಲು ಹಳೇ ಕಾಗದ ಹುಡುಕಿ. ಡಿಸ್ಚಾರ್ಜ್ ಸಮ್ಮರಿ ಸಾಲದು. ಆಪರೇಷನ್ ನೋಟ್ಸ್ ಬೇಕು. ಅದರಲ್ಲಿ ಇಂಪ್ಲಾಂಟ್ ಸ್ನಾಯುವಿನ ಮೇಲಿದೆಯಾ ಕೆಳಗಿದೆಯಾ, ಎಲ್ಲಿ ಕುಯ್ದು ಹಾಕಿದರು, ಎಷ್ಟು ಸಿಸಿ, ಎಲ್ಲಾ ಇರುತ್ತದೆ. ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರನ್ನು ನಾವು ಕೇಸ್ ಶೀಟಿಗೆ ಅಂಟಿಸುತ್ತೇವೆ. ಅದರಲ್ಲಿ ಸೀರಿಯಲ್ ನಂಬರ್, ಕಂಪನಿ, ಮೈ ನುಣುಪಾ ಒರಟಾ ಎಂಬುದೆಲ್ಲ ಸಿಗುತ್ತದೆ. ಅದು ನಿಮ್ಮ ದೇಹದ ದಾಖಲೆ. ಕೇಳಲು ಸಂಕೋಚ ಬೇಡ.

ಬೆಳಗಿನಮಂಜು

ಸಿಸ್ಟರ್, ಕಣ್ಣಲ್ಲಿ ನೀರು ಬಂತು. ಎರಡು ವರ್ಷದಲ್ಲಿ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ನನ್ನ ಹತ್ತಿರ ಒಂದು ಕಾರ್ಡ್ ಇದ್ದ ನೆನಪು, ಹುಡುಕುತ್ತೇನೆ. ಒರಟು ಮೈ ಎಂದರೆ ಕ್ಯಾನ್ಸರ್ ಬರುತ್ತದೆ ಎಂದು ಓದಿದ್ದೆ. ಅದು ನಿಜವಾ?

ಓಟಿಸಿಸ್ಟರ್

ಭಯ ಪಡುವ ಮುಂಚೆ ಪೂರ್ತಿ ತಿಳಿದುಕೊಳ್ಳಿ. ಒರಟು ಮೈಯ ಇಂಪ್ಲಾಂಟ್‌ಗಳ ಜೊತೆ ಒಂದು ಅಪರೂಪದ ಲಿಂಫೋಮಾ, ಅಂದರೆ ರೋಗ ತಡೆಯುವ ಬಿಳಿ ರಕ್ತಕಣಗಳ ಕ್ಯಾನ್ಸರ್, ನಂಟು ಇರುವುದು ನಿಜ. ಅದು ಸ್ತನದ ಕ್ಯಾನ್ಸರ್ ಅಲ್ಲ. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ, ಅಲ್ಲಿನ ನೀರಿನಲ್ಲಿ ಶುರುವಾಗುವ ಕಾಯಿಲೆ. 2019ರ ಜುಲೈನಲ್ಲಿ ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟ್‌ಗಳನ್ನು ಎಲ್ಲಾ ದೇಶಗಳಿಂದ ವಾಪಸ್ ಪಡೆದಿದ್ದು ಇದೇ ಕಾರಣಕ್ಕೆ. ಆಗಲೂ ಎಫ್‌ಡಿಎ ಹೇಳಿದ್ದು, ತೊಂದರೆ ಏನೂ ಇಲ್ಲದವರು ಬರೀ ಭಯಕ್ಕೆ ತೆಗೆಸಬೇಕಾಗಿಲ್ಲ ಎಂದು. ಗಮನ ಇಡಬೇಕಾದ್ದು ಏನೆಂದರೆ, ಹಾಕಿ ವರ್ಷಗಳಾದ ಮೇಲೆ ಒಂದು ಕಡೆ ನೀರು ತುಂಬಿ ಊದಿಕೊಳ್ಳುವುದು. ತುದಿಬೆರಳು ಅವರು ಮೇಲೆ ಕೇಳಿದ ಪ್ರಶ್ನೆ ಅದಕ್ಕೇ ಮುಖ್ಯ. ಹಾಗೆ ಊದಿದರೆ ಆ ನೀರು ತೆಗೆದು ಲ್ಯಾಬಿಗೆ ಕಳಿಸಬೇಕು.

ಮೊದಲಮಳೆಹನಿ

ನನ್ನದು ಇಂಪ್ಲಾಂಟ್ ಅಲ್ಲ, ಎದೆ ಚಿಕ್ಕದು ಮಾಡಿಸಿಕೊಂಡಿದ್ದು. ಬೆನ್ನು, ಭುಜ ತಡೆಯಲಾರದ ನೋವು ಇತ್ತು. ಬ್ರಾ ಪಟ್ಟಿ ಕೂತು ಭುಜದಲ್ಲಿ ಹಳ್ಳವೇ ಬಿದ್ದಿತ್ತು. ನೋವು ಹೋಯಿತು, ಅದಕ್ಕೆ ಇವತ್ತಿಗೂ ನೆಮ್ಮದಿ ಇದೆ. ಆದರೆ ಎರಡು ತೊಟ್ಟುಗಳು ಒಂದೇ ಮಟ್ಟದಲ್ಲಿ ಬರಲಿಲ್ಲ. ಎಡಗಡೆ ಹೊಲಿಗೆ ಕೊನೆಯಲ್ಲಿ, ಕಂಕುಳ ಹತ್ತಿರ, ಚರ್ಮ ಮೂಲೆ ಮಡಚಿದ ಹಾಗೆ ಎದ್ದು ನಿಂತಿತ್ತು.

ನಾಲ್ಕನೇ ತಿಂಗಳಿಗೇ ಡಾಕ್ಟರ್ ಹತ್ತಿರ ಹೋಗಿ, "ಈಗಲೇ ಸರಿ ಮಾಡಿ" ಎಂದು ಹಟ ಹಿಡಿದೆ. ಅವರು ಒಪ್ಪಲಿಲ್ಲ. "ಒಂದು ವರ್ಷ ಬಿಟ್ಟು ಬನ್ನಿ, ಈಗ ನೀವು ನೋಡುತ್ತಿರುವುದು ಬಾವು" ಎಂದರು. ಆಗ ಸಿಟ್ಟು ಬಂದಿತ್ತು. ಅವರ ತಪ್ಪು ಮುಚ್ಚಿಕೊಳ್ಳಲು ಹೇಳುತ್ತಿದ್ದಾರೆ ಅನಿಸಿತ್ತು. ಹನ್ನೆರಡನೇ ತಿಂಗಳಿಗೆ ನೋಡಿದರೆ ತೊಟ್ಟಿನ ವ್ಯತ್ಯಾಸ ಅರ್ಧ ಕಡಿಮೆಯಾಗಿತ್ತು. ಬಾವು ಇಳಿದು, ತೂಕಕ್ಕೆ ಎದೆ ಕೆಳಗೆ ಕೂತು, ಕೆಂಪಾಗಿದ್ದ ಗೆರೆ ಬಿಳಚಿಕೊಂಡಿತ್ತು. ಕೊನೆಗೆ ಸರಿಪಡಿಸಬೇಕಾಗಿ ಬಂದಿದ್ದು ಆ ಕಂಕುಳ ಹತ್ತಿರದ ಮೂಲೆ ಮಾತ್ರ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮುಗಿಸಿದರು, ಅವತ್ತೇ ಮನೆಗೆ ಬಂದೆ.

ನಾಲ್ಕನೇ ತಿಂಗಳಲ್ಲಿ ಅವರು ನನ್ನ ಮಾತು ಕೇಳಿದ್ದರೆ ತೊಟ್ಟನ್ನೂ ಎತ್ತಿ ಕೂರಿಸುತ್ತಿದ್ದರು. ಆಮೇಲೆ ಅದು ಇನ್ನೊಂದು ಕಡೆಗಿಂತ ಮೇಲೆ ಹೋಗಿ ನಿಲ್ಲುತ್ತಿತ್ತು. ಮೇಲೆ ಹೋದ ತೊಟ್ಟನ್ನು ಕೆಳಗೆ ತರುವುದು ತುಂಬಾ ಕಷ್ಟವಂತೆ.

ಓಟಿಸಿಸ್ಟರ್

ಮಳೆಹನಿ ಅವರೇ, ನಿಮ್ಮ ಡಾಕ್ಟರ್ ಒಳ್ಳೆಯ ಕೆಲಸ ಮಾಡಿದ್ದಾರೆ. ಎದೆ ಚಿಕ್ಕದು ಮಾಡಿಸಿದವರಿಗೆ ಹಳೇ ಆಪರೇಷನ್ ನೋಟ್ಸ್ ಇನ್ನೂ ಜಾಸ್ತಿ ಮುಖ್ಯ. ತೊಟ್ಟಿಗೆ ರಕ್ತ ಹೋಗುವ ಒಂದು ಭಾಗವನ್ನು ಉಳಿಸಿಕೊಂಡೇ ಸುತ್ತಲಿನದನ್ನು ತೆಗೆದಿರುತ್ತಾರೆ. ಅದನ್ನು ಕೆಳಗಿನಿಂದ ಉಳಿಸಿದ್ದಾರಾ, ಮೇಲಿನಿಂದ ಉಳಿಸಿದ್ದಾರಾ ಎಂಬುದು ನೋಟ್ಸ್‌ನಲ್ಲಿ ಮಾತ್ರ ಇರುತ್ತದೆ. ಹೊರಗಿನ ಗುರುತು ನೋಡಿ ಹೇಳಲು ಬರುವುದಿಲ್ಲ. ಎರಡನೇ ಸಲ ಮಾಡುವವರಿಗೆ ಅದು ಗೊತ್ತಿಲ್ಲದಿದ್ದರೆ ಆ ರಕ್ತದ ದಾರಿಯೇ ಕಡಿದುಹೋಗಿ ತೊಟ್ಟು ಕಪ್ಪಾಗಿ ಸತ್ತುಹೋಗಬಹುದು.

ಹತ್ತಿಹೂವು

ನಾನು ಕ್ಯಾನ್ಸರ್‌ಗೆ ಒಂದು ಎದೆ ತೆಗೆಸಿಕೊಂಡವಳು. ಇಂಪ್ಲಾಂಟ್ ಇಟ್ಟು ಹೊಸದು ಕಟ್ಟಿದರು, ಆಮೇಲೆ ರೇಡಿಯೇಷನ್ ಕೊಟ್ಟರು. ವರ್ಷದೊಳಗೆ ಗಟ್ಟಿಯಾಯಿತು. ರೇಡಿಯೇಷನ್ ಆದವರಲ್ಲಿ ಹೀಗಾಗುವುದು ಜಾಸ್ತಿ ಎಂದು ಮೊದಲೇ ಹೇಳಿದ್ದರು, ಆದರೆ ಆಗ ಪ್ರಾಣ ಉಳಿದರೆ ಸಾಕು ಎಂದಿತ್ತು. ಅದಕ್ಕೆ ಪಶ್ಚಾತ್ತಾಪ ಇಲ್ಲ.

ಎರಡನೇ ಸಲಕ್ಕೆ ಇಂಪ್ಲಾಂಟ್ ತೆಗೆದು, ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬನ್ನು ರಕ್ತನಾಳದ ಸಮೇತ ತಂದು ಎದೆಗೆ ಜೋಡಿಸಿದರು. ಆ ಸಣ್ಣ ನಾಳಗಳನ್ನು ಮೈಕ್ರೋಸ್ಕೋಪ್ ಇಟ್ಟುಕೊಂಡು ಹೊಲಿಯುತ್ತಾರೆ. ಒಂಬತ್ತು ಗಂಟೆ ಒಳಗಿದ್ದೆ. ಮೊದಲ ರಾತ್ರಿ ಸಿಸ್ಟರ್ ಗಂಟೆಗೊಮ್ಮೆ ಬಂದು ಬೆರಳಿನಿಂದ ಒತ್ತಿ, ಬಣ್ಣ ವಾಪಸ್ ಬರುತ್ತದಾ, ಬೆಚ್ಚಗಿದೆಯಾ ಎಂದು ನೋಡುತ್ತಿದ್ದರು. ಪ್ರತಿ ಸಲ "ಚೆನ್ನಾಗಿದೆ ಅಮ್ಮ" ಎಂದು ಹೇಳಿ ಹೋಗುತ್ತಿದ್ದರು. ಆ ಮಾತು ಕೇಳಲೆಂದೇ ಎಚ್ಚರ ಇರುತ್ತಿದ್ದೆ.

ಈಗ ಅದು ಮೆತ್ತಗಿದೆ, ಬೆಚ್ಚಗಿದೆ. ಸ್ಪರ್ಶ ಮಾತ್ರ ಇಲ್ಲ. ಹೊಟ್ಟೆಗೆ ಅಡ್ಡವಾಗಿ ಒಂದು ಉದ್ದ ಗೆರೆ ಇದೆ. ಚೇತರಿಸಿಕೊಳ್ಳಲು ಮೂರು ತಿಂಗಳು ಹಿಡಿಯಿತು, ಬೆನ್ನು ನೆಟ್ಟಗೆ ಮಾಡಿ ನಡೆಯಲು ಎರಡು ವಾರ. ರೇಡಿಯೇಷನ್ ಆದ ಚರ್ಮಕ್ಕೆ ಮತ್ತೆ ಬರೀ ಇಂಪ್ಲಾಂಟ್ ಬದಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಇನ್ನೊಬ್ಬರ ಅಭಿಪ್ರಾಯ ಕೇಳಿ ಎಂದು ಬೇಡಿಕೊಳ್ಳುತ್ತೇನೆ.

ಹಳೇಕೊಡೆ

ಅಕ್ಕಂದಿರೇ, ನಾನು ಗಂಡಸು. ಇಲ್ಲಿ ಬರೆಯಬಹುದು ತಾನೇ? ಹುಡುಗನಾಗಿದ್ದಾಗಿಂದ ಎದೆ ಹೆಣ್ಣುಮಕ್ಕಳ ಹಾಗೆ ಬೆಳೆದಿತ್ತು, ಗೈನೆಕೊಮ್ಯಾಸ್ಟಿಯಾ. ಇಪ್ಪತ್ತನಾಲ್ಕಕ್ಕೆ ತೆಗೆಸಿಕೊಂಡೆ. ತೊಟ್ಟಿನ ಕೆಳಗಿನ ಗ್ರಂಥಿಯನ್ನು ಪೂರ್ತಿ ಕೆರೆದು ತೆಗೆದುಬಿಟ್ಟರು. ಈಗ ಅಲ್ಲಿ ಬಟ್ಟಲಿನ ಹಾಗೆ ಗುಳಿ ಬಿದ್ದಿದೆ. ಕೈ ಎತ್ತಿದರೆ ತೊಟ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಗಿ ಬಿಚ್ಚಲು ನಾಚಿಕೆಯಾಗುತ್ತಿದ್ದ ಕಾಯಿಲೆಗೆ ಆಪರೇಷನ್ ಮಾಡಿಸಿ, ಈಗಲೂ ಅಂಗಿ ಬಿಚ್ಚುವುದಿಲ್ಲ.

ಓಟಿಸಿಸ್ಟರ್

ಖಂಡಿತ ಬರೆಯಿರಿ ತಮ್ಮ. ಚಪ್ಪಟೆಯಾಗಲಿ ಎಂದು ಜಾಸ್ತಿ ತೆಗೆದರೆ ಹೀಗಾಗುತ್ತದೆ, ಅದಕ್ಕೇ ತೊಟ್ಟಿನ ಕೆಳಗೆ ಒಂದು ತೆಳು ಪದರ ಬಿಡಬೇಕು. ಸರಿಪಡಿಸಲು ಅಂಟಿಕೊಂಡಿರುವುದನ್ನು ಬಿಡಿಸಿ, ನಿಮ್ಮದೇ ಹೊಟ್ಟೆ ಅಥವಾ ತೊಡೆಯ ಕೊಬ್ಬು ತೆಗೆದು ಅಲ್ಲಿ ತುಂಬುತ್ತಾರೆ. ತುಂಬಿದ ಕೊಬ್ಬು ಪೂರ್ತಿ ಉಳಿಯುವುದಿಲ್ಲ, ಒಂದು ಭಾಗವನ್ನು ದೇಹ ಕರಗಿಸಿಕೊಳ್ಳುತ್ತದೆ. ಹಾಗಾಗಿ ಎರಡು ಸಲ ಮಾಡಬೇಕಾಗಿ ಬರಬಹುದು. ಅದನ್ನು ಮೊದಲೇ ಹೇಳುವ ಡಾಕ್ಟರ್ ಹತ್ತಿರ ಹೋಗಿ. ನೀವು ಸಿಗರೇಟ್ ಸೇದುತ್ತಿದ್ದರೆ ಕಡಿಮೆ ಅಂದರೆ ನಾಲ್ಕು ವಾರ ಮುಂಚೆಯೇ ಬಿಡಬೇಕು, ಆಮೇಲೂ ಅಷ್ಟೇ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಒಮ್ಮೆ ಕುಯ್ದ ಜಾಗಕ್ಕೆ ಮೊದಲೇ ರಕ್ತ ಕಡಿಮೆ ಇರುತ್ತದೆ, ಅದನ್ನೂ ಕಿತ್ತುಕೊಂಡ ಹಾಗಾಗುತ್ತದೆ. ಈ ಮಾತು ಇಲ್ಲಿರುವ ಎಲ್ಲರಿಗೂ.

ಕಿಟಕಿಪಕ್ಕ

ಬೆಳಗಿನಮಂಜು ಅವರೇ, ತೆಗೆಸಿಬಿಡುವುದೂ ಒಂದು ದಾರಿ. ಯಾರೂ ಅದನ್ನು ಮೊದಲು ಹೇಳುವುದಿಲ್ಲ. ನಾನು ಹನ್ನೊಂದನೇ ವರ್ಷಕ್ಕೆ ಎರಡೂ ತೆಗೆಸಿದೆ, ಹೊಸದು ಹಾಕಿಸಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊದಲ ವಾರ ಕನ್ನಡಿ ನೋಡಿ ಅತ್ತೆ. ಚರ್ಮ ಸುಕ್ಕಾಗಿ, ಒಳಕ್ಕೆ ಕುಸಿದ ಹಾಗಿತ್ತು. ಮೂರು ತಿಂಗಳಿಗೆ ತುಂಬಾ ಸುಧಾರಿಸಿತು. ಮೊದಲಿನ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಬೋರಲು ಮಲಗಿ ಬೆಳಗಿನವರೆಗೆ ನಿದ್ದೆ ಮಾಡಿದೆ. ಜೋತುಬಿದ್ದ ಎದೆಯನ್ನು ಎತ್ತಿ ಕಟ್ಟುವ ಆಪರೇಷನ್ ಅದೇ ದಿನ ಮಾಡಬಹುದು, ಕೆಲವರಿಗೆ ಬೇರೆ ದಿನ ಮಾಡುವುದು ಒಳ್ಳೆಯದು. ಚರ್ಮ ತೆಳುವಾಗಿದ್ದರೆ ಕಾಯುವುದು ಮೇಲು ಎಂದು ನನ್ನ ಡಾಕ್ಟರ್ ಕಾದರು. ಕೊನೆಗೆ ನನಗೆ ಬೇಕು ಅನಿಸಲೇ ಇಲ್ಲ.

ಪೊರೆ ಪೂರ್ತಿ ತೆಗೆಯಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಗಟ್ಟಿಯಾದ ಪೊರೆ, ಒಡೆದ ಇಂಪ್ಲಾಂಟಿನ ಪೊರೆ ಆದರೆ ತೆಗೆಯುವುದೇ ಸರಿ. ತೆಳ್ಳಗೆ, ಆರೋಗ್ಯವಾಗಿದ್ದು, ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ ಹಟ ಮಾಡಿ ಕಿತ್ತು ತೆಗೆಸಿದರೆ ರಕ್ತಸ್ರಾವ ಜಾಸ್ತಿ, ಶ್ವಾಸಕೋಶದ ಹೊದಿಕೆಗೆ ಪೆಟ್ಟು ಬೀಳುವ ಅಪಾಯವೂ ಇದೆ. ನಾನು "ಪೂರ್ತಿ ಒಂದೇ ಗಂಟಾಗಿ ತೆಗೆಯಲೇಬೇಕು" ಎಂದು ಹಟ ಹಿಡಿದು ಹೋಗಿದ್ದೆ. ಅವರು ನನ್ನ ಸ್ಕ್ಯಾನ್ ಫಿಲ್ಮನ್ನು ಲೈಟಿಗೆ ಹಿಡಿದು, ಎಲ್ಲಿ ಅಂಟಿದೆ ಎಂದು ಬೆರಳಿಟ್ಟು ತೋರಿಸಿದರು. ಆಗ ಹಟ ಬಿಟ್ಟೆ.

ತುದಿಬೆರಳು

ನಾನು ಬದಲಿಸಿಕೊಂಡವಳು, ಅದನ್ನೂ ಹೇಳಿಬಿಡುತ್ತೇನೆ. ಪೊರೆ ತೆಗೆದು, ಸ್ನಾಯುವಿನ ಮೇಲಿದ್ದದ್ದನ್ನು ಕೆಳಗೆ ಹಾಕಿ, ಹೊಸ ಇಂಪ್ಲಾಂಟ್ ಇಟ್ಟರು. ಸೈಜ್ ಚಿಕ್ಕದು ಮಾಡಿಸಿದೆ. ಮೂರು ವರ್ಷ ಆಯಿತು, ಮೆತ್ತಗಿದೆ. ಆದರೆ ಒಂದು ಸಲ ಗಟ್ಟಿಯಾದವರಿಗೆ ಮತ್ತೆ ಗಟ್ಟಿಯಾಗುವ ಸಾಧ್ಯತೆ ಮೊದಲ ಸಲಕ್ಕಿಂತ ಜಾಸ್ತಿ ಎಂದು ಸಹಿ ಹಾಕುವ ಮುಂಚೆಯೇ ಹೇಳಿದ್ದರು. ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತು ಅಲ್ಲ ಎಂದೂ ಹೇಳಿದರು. ಮೊದಲ ಸಲ ಇದನ್ನು ಯಾರೂ ಹೇಳಿರಲಿಲ್ಲ. ಅದೇ ನನಗೆ ಇವತ್ತಿಗೂ ನೋವು.

ನಿಮಗೆ "ಒಂದು ಸೈಜ್ ದೊಡ್ಡದು" ಎಂದವರ ಹತ್ತಿರ ಮತ್ತೆ ಹೋಗಬೇಡಿ ಅಕ್ಕ. ನಿಮ್ಮ ನೋವು ಏನು ಎಂದೇ ಕೇಳದವರು ಅವರು. ಮೊದಲೇ ಚರ್ಮ, ಮಾಂಸ ತೆಳುವಾಗಿರುತ್ತದೆ, ಭಾರ ಹೆಚ್ಚಿಸಿದರೆ ಕೆಳಗೆ ಜಾರುತ್ತದೆ.

ಬೆಳಗಿನಮಂಜು

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ ಹಾಗೆ ಕಾಗದದಿಂದ ಶುರು ಮಾಡಿದೆ. ಹಳೇ ಆಸ್ಪತ್ರೆಯಲ್ಲಿ ಮೂರು ಸಲ ಓಡಾಡಿಸಿದರು. ನಾಲ್ಕನೇ ಸಲ ಬರವಣಿಗೆಯಲ್ಲಿ ಅರ್ಜಿ ಕೊಟ್ಟ ಮೇಲೆ ಜೆರಾಕ್ಸ್ ಕೊಟ್ಟರು. ಸಿಸ್ಟರ್ ಹೇಳಿದ ಸ್ಟಿಕ್ಕರ್ ಇತ್ತು! ಮೂಲೆ ಸುಲಿದು ಹಳದಿಯಾಗಿತ್ತು, ನಂಬರ್ ಮಾತ್ರ ಸ್ಪಷ್ಟವಾಗಿತ್ತು. ನುಣುಪು ಮೈ, ಸ್ನಾಯುವಿನ ಮೇಲೆ ಹಾಕಿದ್ದು. ಆರು ವರ್ಷ ನನ್ನೊಳಗಿದ್ದ ವಸ್ತುವಿನ ಹೆಸರು ನನಗೆ ಗೊತ್ತಾಗಿದ್ದು ಅವತ್ತು.

ಹೊಸ ಡಾಕ್ಟರ್ ಮುಕ್ಕಾಲು ಗಂಟೆ ಕೂತು ಮಾತಾಡಿದರು. ಮೊದಲು ಕೇಳಿದ್ದೇ, "ನಿಮಗೆ ಯಾವುದು ತೊಂದರೆ ಕೊಡುತ್ತಿದೆ? ನೋವಾ, ಆಕಾರವಾ, ಭಯವಾ?" ಅಂತ. ಮೂರೂ ಎಂದೆ. "ಹಾಗಾದರೆ ಮೂರಕ್ಕೂ ಬೇರೆ ಬೇರೆ ಉತ್ತರ ಹುಡುಕೋಣ" ಎಂದರು. ಎಂಆರ್‌ಐ ಮಾಡಿಸಿದರು. ಬಲಗಡೆ ಇಂಪ್ಲಾಂಟ್ ಒಡೆದಿದೆ. ಸಿಲಿಕೋನ್ ಇನ್ನೂ ಪೊರೆಯೊಳಗೇ ಇದೆ, ಹೊರಗೆ ಹೋಗಿಲ್ಲ. ಯಾವಾಗ ಒಡೆಯಿತೋ ಗೊತ್ತಿಲ್ಲ. ಗಟ್ಟಿಯಾಗಿರುವುದು ನಾಲ್ಕನೇ ಹಂತ. ಎಡಗಡೆ ಸರಿಯಾಗಿದೆ.

ಒಡೆದಿದ್ದು ತೆಗೆಯಲೇಬೇಕು, ಅದರಲ್ಲಿ ಯೋಚನೆ ಮಾಡುವುದೇ ಇಲ್ಲ. ಉಳಿದಿದ್ದು ನನ್ನ ತೀರ್ಮಾನ ಎಂದರು. ಹದಿನೈದು ದಿನ ಯೋಚಿಸಿದೆ. ಎರಡೂ ತೆಗೆಸುತ್ತೇನೆ, ಬಲಗಡೆಯ ಪೊರೆ ಪೂರ್ತಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಈಗ ಹೊಸದು ಬೇಡ. ಎತ್ತಿ ಕಟ್ಟುವುದು ಬೇಕೋ ಬೇಡವೋ ಆರು ತಿಂಗಳಾದ ಮೇಲೆ ನೋಡೋಣ ಎಂದಿದ್ದಾರೆ. ಕಿಟಕಿಪಕ್ಕ ಅವರೇ, ಮೊದಲ ವಾರ ಅಳು ಬರುತ್ತದೆ ಎಂದು ನೀವು ಮೊದಲೇ ಹೇಳಿದ್ದು ನನಗೆ ತುಂಬಾ ಧೈರ್ಯ.

ಮನೆಯವರಿಗೂ ಹೇಳಿದೆ. ನಾನು ಅಂದುಕೊಂಡ ಮಾತು ಅವರ ಬಾಯಿಂದ ಬರಲಿಲ್ಲ. ಸ್ಕ್ಯಾನ್ ರಿಪೋರ್ಟ್ ಎರಡು ಸಲ ಓದಿ, "ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ಯಾ" ಎಂದರು, ಅಷ್ಟೇ.

ಮುಂದಿನ ತಿಂಗಳು ಎರಡನೇ ವಾರ ಆಪರೇಷನ್. ಮೊದಲೇ ಏನು ತಯಾರಿ ಮಾಡಿಟ್ಟುಕೊಳ್ಳಲಿ?

ಕಿಟಕಿಪಕ್ಕ

ಮುಂದೆ ಗುಂಡಿ ಇರುವ ಅಂಗಿ ನಾಲ್ಕೈದು ತೆಗೆದಿಡಿ, ತಲೆಯ ಮೇಲಿಂದ ಹಾಕುವುದು ಆಗುವುದಿಲ್ಲ. ಡ್ರೈನ್ ಬಾಟಲಿ (ಗಾಯದಿಂದ ಒಸರುವ ರಕ್ತ, ನೀರು ಸೇರುವ ಬಾಟಲಿ) ಇದ್ದರೆ ಸಿಕ್ಕಿಸಿಕೊಳ್ಳಲು ಒಳಗಡೆ ಜೇಬು ಹೊಲಿಸಿಕೊಳ್ಳಿ. ನಾನು ಹಾಗೆ ಮಾಡಿದ್ದೆ, ಎಳೆದು ನೋವಾಗುವುದು ತಪ್ಪಿತು.

ಓಟಿಸಿಸ್ಟರ್

ದಿನಾ ಬೇಕಾಗುವ ಸಾಮಾನನ್ನೆಲ್ಲ ಮೇಲಿನ ಶೆಲ್ಫಿನಿಂದ ಸೊಂಟದ ಮಟ್ಟಕ್ಕೆ ಇಳಿಸಿಡಿ. ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ, ಗಿಡಮೂಲಿಕೆ ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ಈಗಲೇ ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ತೆಗೆದ ಇಂಪ್ಲಾಂಟಿನ ಫೋಟೋ, ಹೊಸ ಆಪರೇಷನ್ ನೋಟ್ಸ್ ಎರಡನ್ನೂ ಡಿಸ್ಚಾರ್ಜ್ ದಿನವೇ ಕೇಳಿ ಇಸಿದುಕೊಳ್ಳಿ. ಮಗಳಿಗೆ ಆರು ವಾರ ಅಪ್ಪಿಕೊಳ್ಳುವುದಾದರೆ ನಿಧಾನಕ್ಕೆ, ಪಕ್ಕದಿಂದ ಎಂದು ಹೇಳಿಡಿ.

ಬೆಳಗಿನಮಂಜು

ಹೇಳಿದೆ ಸಿಸ್ಟರ್. ಕ್ಯಾಲೆಂಡರಿನಲ್ಲಿ ಆರು ವಾರ ಎಣಿಸಿ, ಕೊನೆಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾಳೆ.